ಅಕ್ಕಿ ಡಬ್ಬದ ತೋಟಾ

“ಅಕ್ಕಿ ಡಬ್ಬದಿಂದ ಅಪ್ಪನ ತೋಟಾ ತೆಗೀಬೇಡಿ.”

ನನ್ನ ಹೆಂಡತಿ ಬೊಳ್ಳವ್ವ ನನಗೆ ಹೇಳಿದ ಕೊನೇ ಮಾತು ಅದು. ಜ್ವರದ ಮಾತು ಅಂದುಕೊಂಡೆ. ಅವಳು ಹೋಗಿ ತಿಂಗಳಾದ ಮೇಲೆ ಅಕ್ಕಿ ತಳಕ್ಕೆ ಬಂತು. ಅಲ್ಲಿ ಕೋವಿಯ ನಾಲ್ಕು ತೋಟಾ ಸಿಕ್ಕವು. ಕೆಂಪು ಕಾಗದದ ಹಳೇ ಕಾಲದವು.

ಸುದ್ದಿ ನಮ್ಮ ಎಸ್ಟೇಟಿನ ಉತ್ತಯ್ಯ ಸಾವ್ಕಾರರ ಕಿವಿಗೆ ಬಿತ್ತು.

“ನಮ್ಮಜ್ಜ ನಿನ್ನ ಮಾವನಿಗೆ ಕೊಟ್ಟದ್ದು. ಅಂದ ಮೇಲೆ ನಮ್ಮದೇ. ತಾ ಇಲ್ಲಿ.”

“ತಗೊಳ್ಳಿ ಸಾವ್ಕಾರ್ರೇ. ನಿಮ್ಮ ಕೋವಿಗೆ ಹೋಗದಿದ್ದರೆ ಮಾತ್ರ ವಾಪಸ್ ಕೊಡಿ.”

“ನನ್ನ ಕೋವಿಗೆ ಹೋಗದ ತೋಟಾ ಉಂಟೇನೋ?” ಎಂದು ಆಳುಗಳ ಮುಂದೆ ನಕ್ಕು ಒಪ್ಪಿದರು. ಅಕ್ಕಿಯಲ್ಲಿ ಯಾಕಿಟ್ಟಿದ್ದರು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ನೆಂಟರು ನೋಡಲಿ ಎಂದು ಗಾಜಿನ ಕಪಾಟಿನಲ್ಲಿ ಇಟ್ಟರು. ಎರಡು ತಿಂಗಳು ಮಳೆ ಹೊಯ್ಯಿತು.

ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ಕೋವಿ ತೆರೆದರು. ಥಂಡಿಗೆ ಕಾಗದ ಉಬ್ಬಿತ್ತು. ಒತ್ತಿದರು, ತಿರುಗಿಸಿದರು, ಬೈದರು. ಒಂದೂ ಒಳಗೆ ಹೋಗಲಿಲ್ಲ. ಆಳುಗಳು ಬಾಯಿಗೆ ಕೈ ಅಡ್ಡ ಹಿಡಿದರು.

“ಕಸ! ತಗೊಂಡು ಹೋಗು!”

ಕಸ ಮನೆಗೆ ತಂದೆ. ಒಣ ಅಕ್ಕಿಯಲ್ಲಿ ಹೂತು, ಡಬ್ಬ ಒಲೆ ಪಕ್ಕ ಇಟ್ಟೆ. ಹದಿನೈದು ದಿನಕ್ಕೆ ಉಬ್ಬು ಇಳಿಯಿತು.

ಕೈಲ್‌ಮುಹೂರ್ತದ ಹಬ್ಬಕ್ಕೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವುದು ನಮ್ಮಲ್ಲಿ ವಾಡಿಕೆ. ಸಾವ್ಕಾರರ ಗುಂಡು ಎರಡು ಸಲ ತಪ್ಪಿತು. ನಾನು ಮಾವ ಬಿಟ್ಟುಹೋದ ಹಳೇ ಕೋವಿಗೆ ಕೆಂಪು ತೋಟಾ ಹಾಕಿದೆ. ಢಂ! ಕಾಯಿ ಚೂರಾಗಿ ಅವರ ಕಾಲ ಹತ್ತಿರವೇ ಬಿತ್ತು.

“ಅದೇ ತೋಟಾನೇನೋ? ಏನು ಮಾಡಿದೆ?”

“ನನಗೇನು ಗೊತ್ತು ಸಾವ್ಕಾರ್ರೇ. ಬೊಳ್ಳವ್ವನಿಗೆ ಗೊತ್ತಿತ್ತು.”

ಮಾರನೇ ಬೆಳಿಗ್ಗೆ ಉಳಿದ ಮೂರನ್ನೂ ಒರೆಸಿ ಮತ್ತೆ ಅಕ್ಕಿಯೊಳಗೆ ಇಟ್ಟೆ. ಇನ್ನು ತೆಗೆಯುವುದಿಲ್ಲ ಎಂದು ಅವಳಿಗೆ ಹೇಳಿದೆ.