ಸಂಗವ್ವ ಹೊಲಿದ ಗಾದಿ

ಹೊಳೆದಂಡೆಯ ಆ ಮಠದಲ್ಲಿ ಮೊದಲು ಇದ್ದವರು ಕಲ್ಲಯ್ಯಜ್ಜ ಒಬ್ಬರೇ. ನೀರಿಗೆ ನಲವತ್ತೆರಡು ಮೆಟ್ಟಿಲು ಇಳಿಯಬೇಕು. ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ಅಜ್ಜಾರೇ ಇಳಿದು ಕೊಡ ತುಂಬಿಕೊಂಡು ಬರುತ್ತಿದ್ದರು.

ಆಮೇಲೆ ಸಂಗವ್ವ ಬಂದಳು. ತಾಯಿಯನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ, ಬಟ್ಟೆಯ ಗಂಟೊಂದನ್ನು ಹಿಡಿದು. ಅವಳಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಬಂದ ಮರುದಿನವೇ ಅಜ್ಜಾರ ಕೈಯಿಂದ ಕೊಡ ಕಸಿದುಕೊಂಡಳು.

“ಕೊಡ್ರಿ ಅಜ್ಜಾರ. ಗುರುಗಳು ನೀರು ಹೊತ್ರ ಶಿಷ್ಯಳು ಯಾಕ ಬೇಕು?”

“ಹಂಗಾರ ನಾ ಏನ ಮಾಡ್ಲಿ?”

“ಕುಂದರ್ರಿ.”

ಅಜ್ಜಾರು ಕುಳಿತರು.

ಮುಂದಿನ ವಾರ ಅವರ ಕೈಯಿಂದ ಕಸಬರಿಗೆಯೂ ಹೋಯಿತು. ತಿಂಗಳು ತುಂಬುವಷ್ಟರಲ್ಲಿ ಒಗೆಯುವ ಧೋತರ, ಪತ್ರೆ ಕೊಯ್ಯುವ ಬುಟ್ಟಿ, ಆಕಳ ಹಗ್ಗ, ಎಲ್ಲ ಅವಳ ಪಾಲಾದವು. ತಾಯಿಯ ಇಳಕಲ್ಲ ಸೀರೆಯನ್ನು ಹರಿದು, ಅರಳೆ ತುಂಬಿ, ಅಜ್ಜಾರಿಗೆ ಒಂದು ಗಾದಿ ಹೊಲಿದಳು. ಎರಡು ಹೊತ್ತೂ ತುಪ್ಪ ಸುರಿದ ಬೆಲ್ಲದ ಸಜ್ಜಕ ಮಾಡಿ ಬಡಿಸಿದಳು.

ಹೀಗೆ ಮೂರು ವರ್ಷ.

ಅಂಬಿಗರ ಯಮನೂರ ಆಗೀಗ ದೋಣಿ ಕಟ್ಟಿ ಮೇಲೆ ಬರುತ್ತಿದ್ದ. “ಅಜ್ಜಾರ್ನ ಮೂರ್ತಿ ಮಾಡಿ ಕುಂದರ್ಸಿದಿ ಸಂಗಕ್ಕ,” ಎನ್ನುತ್ತಿದ್ದ. “ಇನ್ನ ಎಣ್ಣಿಮಜ್ಜನ ಒಂದ ಬಾಕಿ.”

“ನಿನ್ನ ಹುಟ್ಟು ನೀ ಹಾಕು,” ಎನ್ನುತ್ತಿದ್ದಳು ಸಂಗವ್ವ.

ಒಂದು ದಿನ ಜಳಕಕ್ಕೆ ಇಳಿದಿದ್ದ ಅಜ್ಜಾರು ಮೇಲೇರುವಾಗ ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತರು. ಇಪ್ಪತ್ತರಲ್ಲಿ ಕುಳಿತೇಬಿಟ್ಟರು. ಎದೆಯ ಮೇಲೆ ಕೈ ಇತ್ತು.

ಸಂಗವ್ವ ಓಡಿಹೋಗಿ ಹೆಗಲು ಕೊಟ್ಟಳು. ಮಠದೊಳಗೆ ಕೂರಿಸಿ ಪಾದ ಒತ್ತಿದಳು. ಪಾದ ಬಾತಿತ್ತು. ಬೆರಳು ಊರಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು.

ಅಂದೇ ಮಧ್ಯಾಹ್ನ ಹಿತ್ತಲಲ್ಲಿ ಅಜ್ಜಾರು ಮೂತ್ರಕ್ಕೆ ಹೋಗುವ ಜಾಗಕ್ಕೆ ಇರುವೆ ಮುತ್ತಿದ್ದನ್ನು ಕಂಡಳು. ತಾಯಿಯ ಬಚ್ಚಲಲ್ಲೂ ಹೀಗೇ, ಸಕ್ಕರೆಗೆ ಮುತ್ತುವಂತೆ, ಇರುವೆ ಸಾಲುಗಟ್ಟಿದ್ದವು. ಅದಾದ ಮೇಲೆ ತಾಯಿ ಒಂದು ವರ್ಷವೂ ಉಳಿಯಲಿಲ್ಲ.

ಒಂದು ಕೊಡ ನೀರು ಸುರಿದಳು. ಇರುವೆ ಹರಿದುಹೋದವು. ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಸಂಜೆ ಅಜ್ಜಾರ ಮುಂದೆ ನಿಂತಳು. “ನಾಳಿಂದ ಹೊಳಿಗೆ ಇಳಿಯೋದು ಬ್ಯಾಡ್ರಿ. ಜಳಕಕ್ಕ ನೀರು ಇಲ್ಲೇ ಕಾಸಿ ಕೊಡ್ತೀನಿ. ನೀವು ಗಾದಿ ಬಿಟ್ಟು ಏಳಬಾರದು.”

ಅಜ್ಜಾರು ಗಾದಿಯ ಮೇಲೆ ಕೈಯಾಡಿಸಿದರು.

“ಆತು. ಆದ್ರ ನಾಳೆ ಒಂದಿನ ಗಾದಿ ಮ್ಯಾಲೆ ನೀ ಕುಂದ್ರು.”

“ಗುರುಗಳ ಗಾದಿ ಮ್ಯಾಲೆ ನಾನಾ?”

“ನೀ ಹೊಲಿದಿದ್ದಲ್ಲ. ಹೊತ್ತು ಮುಳುಗೂತನ ಏಳಬ್ಯಾಡ. ನೀ ಕುಂತು ತೋರ್ಸು, ಆಮ್ಯಾಲೆ ನೀ ಹೇಳಿದಂಗ ಕೇಳ್ತೀನಿ.”

ಕೂರುವುದು ಯಾವ ಮಹಾ ಕೆಲಸ ಎಂದುಕೊಂಡಳು ಸಂಗವ್ವ. ಹಟದ ಹೆಣ್ಣು. ಬೆಳಗಾಗುತ್ತಲೇ ಕಾಲು ಮಡಚಿ ಕುಳಿತಳು.

ಗಾದಿಯಿಂದ ಕಾಣುವುದು ಬಾಗಿಲಷ್ಟು ಅಗಲದ ಅಂಗಳ, ಅದರಾಚೆ ಒಂದು ಮೋಟುಗೋಡೆ. ಮೂರು ವರ್ಷದಲ್ಲಿ ಒಂದು ಸಲವೂ ಅವಳು ಇಲ್ಲಿಂದ ನೋಡಿರಲಿಲ್ಲ.

ಹೊರಗೆ ಅಜ್ಜಾರ ಕಸಬರಿಗೆಯ ಸದ್ದು. ನಾಲ್ಕು ಸಲ ಎಳೆದು ನಿಲ್ಲುತ್ತಿತ್ತು. ಮತ್ತೆ ನಾಲ್ಕು ಸಲ. ಸಂಗವ್ವನ ಕೈ ತಾನಾಗಿ ನೆಲಕ್ಕೆ ಊರಿತು. ಏಳಲಿಲ್ಲ.

ಅಜ್ಜಾರು ಸಣ್ಣ ಕೊಡ ಹಿಡಿದು ಮೆಟ್ಟಿಲ ಕಡೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಕೆಳಗಿನಿಂದ ಯಮನೂರನ ಮಾತು ಕೇಳಿಸಿತು, ಅದರ ಹಿಂದೆಯೇ ಒಂದು ನಗು. ಅದು ಅಜ್ಜಾರ ನಗು. ಅದನ್ನು ಅವಳು ಮರೆತೇಬಿಟ್ಟಿದ್ದಳು.

“ಯಮನೂರ ಏನಂದ್ನ್ರಿ ಅಜ್ಜಾರ?” ಎಂದು ಕುಳಿತಲ್ಲಿಂದಲೇ ಕೂಗಿದಳು. ಅಲ್ಲಿಯವರೆಗೆ ದನಿ ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೊಣಕಾಲ ಕೆಳಗೆ ಜೋಮು ಹಿಡಿಯಿತು. ಬಿಸಿಲು ಮೋಟುಗೋಡೆ ದಾಟಿತು. ಹಕ್ಕಿಯೊಂದು ಅಂಗಳಕ್ಕಿಳಿದು ಅವಳ ಕಡೆ ನೋಡಿ ಹೋಯಿತು. ಅದು ಮತ್ತೆ ಬಂದೀತೇ ಎಂದು ಸಂಗವ್ವ ಸಂಜೆಯವರೆಗೂ ಕಾದಳು.

ಹೊತ್ತು ಮುಳುಗಿತು. ಏಳಲು ಹೋದವಳು ಗೋಡೆ ಹಿಡಿದಳು.

ಅಜ್ಜಾರು ಹೊಸ್ತಿಲ ಮೇಲೆ ಕುಳಿತಿದ್ದರು. ಇನ್ನೂ ಏದುಸಿರು, ಆದರೆ ಮುಖದಲ್ಲಿ ಬೆವರಿನ ಹೊಳಪಿತ್ತು.

“ಒಂದ ದಿನಕ್ಕ ಗೋಡಿ ಹಿಡಿದ್ಯಾ ಮಗಳ?”

ಸಂಗವ್ವ ಅಲ್ಲೇ ಕುಸಿದಳು. “ನಮ್ಮವ್ವನ್ನೂ ಹಿಂಗ ಕುಂದರ್ಸಿದ್ದೆ ಅಜ್ಜಾರ. ಒಂದು ಕಡ್ಡಿ ಎತ್ತಾಕ ಬಿಡಲಿಲ್ಲ. ನನ್ನವ್ವ ದುಡಿದು ಸವದಾಳ, ಇನ್ನ ಕೂಡ್ಲಿ ಅಂತ.”

“ಗೊತ್ತು.”

“ಯಾರು ಹೇಳಿದ್ರು?”

“ಇರುವಿ ಮ್ಯಾಲೆ ನೀರು ಸುರದು ಬಂದಿದ್ಯಲ್ಲ, ಆ ರಾತ್ರಿ ನಿದ್ದಿಗಣ್ಣಾಗ ‘ಏಳಬ್ಯಾಡ, ಕುಂದ್ರವ್ವ’ ಅಂತಿದ್ದಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸಿಟ್ಟೂ ಬಂತು. “ಮೊದಲ ದಿನಾನ ಬ್ಯಾಡ ಅನ್ನಬೇಕಿತ್ತು ನೀವು.”

“ಅಂದಿದ್ರ ನೀ ಕೇಳ್ತಿದ್ಯಾ?”

ಸಂಗವ್ವ ಜೋಮು ಹಿಡಿದ ಕಾಲು ತಿಕ್ಕಿಕೊಂಡಳು.

“ನಂದೂ ತಪ್ಪೈತಿ,” ಎಂದರು ಅಜ್ಜಾರು. “ಗಾದಿ ಮೆತ್ತಗಿತ್ತು.”

ಮರುದಿನ ಮುಂಜಾನೆ ಅವಳು ಎದ್ದಾಗ ಅಜ್ಜಾರು ಸಣ್ಣ ಕೊಡದೊಡನೆ ಮೊದಲ ಮೆಟ್ಟಿಲ ಹತ್ತಿರ ನಿಂತಿದ್ದರು. ಸಂಗವ್ವ ಓಡಿಹೋಗಿ ಕೊಡದ ಕಂಠ ಹಿಡಿದಳು. ಹಿಡಿದವಳು ಎಳೆಯಲಿಲ್ಲ, ಬಿಡಲೂ ಇಲ್ಲ.

“ಮೆಟ್ಟಿಲ ಮ್ಯಾಲೆ ಏನರ ಆದ್ರ? ನೀವೂ ಹೋದ್ರ ನನಗ ಯಾರದಾರ ಅಜ್ಜಾರ?”

“ಮೂರು ವರ್ಷ ನಾ ಒಳಗ ಕುಂತಿದ್ದೆ, ನೀ ಹೊರಗ ದುಡದಿ. ಆಗ ನಿನಗ ಯಾರಿದ್ರು?”

ಸಂಗವ್ವ ನೆನಪಿಸಿಕೊಳ್ಳಲು ನೋಡಿದಳು. ಕುಂದರ್ರಿ, ಉಣ್ರಿ, ಏಳಬ್ಯಾಡ್ರಿ. ಇವಿಷ್ಟೇ ಅವಳು ಆಡಿದ್ದ ಮಾತು.

ಅವಳ ಬೆರಳು ಸಡಿಲವಾದವು. ಅಜ್ಜಾರು ಒಂದು ಮೆಟ್ಟಿಲು ಇಳಿದರು. ನಿಂತರು. ಇನ್ನೊಂದು ಇಳಿದರು. ನಾಲ್ಕನೆಯದರಲ್ಲಿ ಉಸಿರು ತೆಗೆದುಕೊಂಡು, ತಿರುಗಿ ನೋಡದೆ ಹೇಳಿದರು:

“ದೊಡ್ಡ ಕೊಡ ಬಾಗಿಲಾಗ ಐತಿ. ತಗೊಂಡು ಬಾ.”