ಕಂಬದ ಹಿಂದಿನ ಸೈಕಲ್ಲು

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ಚನ್ನವೀರಜ್ಜ ಅಂತ ಒಬ್ಬ ಗುರುಗಳಿದ್ದರು. ಕಾವಿ ಉಡುವ ಮೊದಲು ನಲವತ್ತು ವರ್ಷ ಲಾರಿ ಓಡಿಸಿದವರು. ಅವರ ಹಾರ್ನ್ ಕೇಳಿದರೆ ಹೊಳೆಯ ಮೊಸಳೆಯೂ ಸರಿದು ದಾರಿ ಬಿಡುತ್ತಿತ್ತು. ನಂಬದವರು ಹೋಗಿ ಮೊಸಳೆಯನ್ನೇ ಕೇಳಲಿ.

ಅವರ ಶಿಷ್ಯ ದುಂಡಪ್ಪ ಮಠದ ವ್ಯಾನ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಬಂದವನೇ ಕೀಲಿಯನ್ನು ಅಜ್ಜನ ಪಾದದ ಮುಂದಿಟ್ಟ.

“ಇನ್ನ ಗಾಡಿ ಮುಟ್ಟಂಗಿಲ್ರಿ ಅಜ್ಜಾರ. ಕೂಡುರಸ್ತೆಯಾಗ ಹಾಲಿನ ಮೌಲಾಸಾಬ್ರ ಸೈಕಲ್ಲಿಗೆ ಹೊಡೀತಿದ್ದೆ. ಗೇಣು ಉಳೀತು.”

“ಎತ್ತ ನೋಡಾಕತ್ತಿದ್ದಿ?”

“ರಸ್ತೇನ ನೋಡಾಕತ್ತಿದ್ದೆ, ದೇವರಾಣಿ. ಗಿಡ ಇಲ್ಲ, ಗ್ವಾಡಿ ಇಲ್ಲ. ಆ ಮನುಷ್ಯಾ ನೆಲದಾಗಿಂದ ಎದ್ದು ಬಂದಂಗ ಬಂದ್ರು.”

ಅಜ್ಜ ಅವನನ್ನು ವ್ಯಾನಿನಲ್ಲಿ ಕೂರಿಸಿದರು.

“ಕಣ್ಣು ಮುಂದ. ಕುತ್ತಿಗಿ ಅಳ್ಳಾಡಬಾರದು. ನಾ ಬರೂದು ಕಂಡ ಕೂಡಲೇ ಹಾರ್ನ್ ಹೊಡಿ.” ಅಂದವರೇ ವ್ಯಾನಿನ ಹಿಂದಿನಿಂದ ಸುತ್ತಿ ಹೊಳೆಯ ಕಡೆ ಹೋದರು.

ದುಂಡಪ್ಪ ರೆಪ್ಪೆ ಬಡಿಯದೆ ಕೂತ. ಬಯಲು ಕಂಡಿತು, ಹೊಳೆ ಕಂಡಿತು, ಒಂಟಿ ಕೊಕ್ಕರೆ ಕಂಡಿತು. ಅಜ್ಜ ಮಾತ್ರ ಇಲ್ಲ.

ಅಷ್ಟರಲ್ಲಿ ಕಿಟಕಿಯ ಮೇಲೆ ಬೆರಳಿನ ಸದ್ದು.

“ಎಲ್ಲಿಂದ ಬಂದ್ರಿ?”

“ಹೊಳಿಯಿಂದ ನೆಟ್ಟಗ, ನಿನ್ನ ಕಣ್ಣ ಮುಂದನ.” ಅಜ್ಜ ವ್ಯಾನಿನ ಮುಂದಿನ ಗಾಜಿಗೂ ಬಾಗಿಲಿಗೂ ನಡುವಿನ ಕಬ್ಬಿಣದ ಕಂಬ ತಟ್ಟಿದರು. “ನೂರು ಹೆಜ್ಜಿ ಇದರ ಮರೆಯಾಗ ನಡದೆ. ನೀನೂ ಸೈಕಲ್ಲೂ ಒಂದ ಹೊತ್ತಿಗೆ ಕೂಡುರಸ್ತೆ ಮುಟ್ಟೂವಂಗ ಹೊಂಟ್ರ, ಅಂವಾ ಈ ಮರೆ ಬಿಟ್ಟು ಸರಿಯೂದ ಇಲ್ಲ. ಕಣ್ಣಾಗ ಸರಿದು ಹೋಗೂದು ಬಡಿಯಂಗಿಲ್ಲಪಾ. ಇದ್ದಲ್ಲೇ ಇದ್ದು ದೊಡ್ಡದಾಗೂದು ಬಡೀತದ.”

ಆಗಲೇ ಮೌಲಾಸಾಬರು ಸೈಕಲ್ ತಳ್ಳಿಕೊಂಡು ಬಂದರು. ಎಂದಿನಂತೆ ಮಠಕ್ಕೆ ಹಾಲು.

“ಏ ದುಂಡಪ್ಪ, ಬ್ರೇಕ್ ಚಲೋ ಇಟ್ಟೀಯಪಾ, ದೇವರು ನಿನ್ನೂ ಹಂಗ ಇಡ್ಲಿ. ಕ್ಯಾನಿನ ಹಾಲು ಸೈತ ತುಳುಕಲಿಲ್ಲ.”

ದುಂಡಪ್ಪನ ಕಣ್ಣು ತುಂಬಿ ಬಂತು. ಇಳಿದು ಹೋಗಿ ಕ್ಯಾನು ತಾನೇ ಹೊತ್ತ. ಅಡುಗೆಮನೆಯಲ್ಲಿ ಇಳಿಸಿ ಬಂದು ಅಜ್ಜನ ಮುಂದೆ ನಿಂತ.

“ಇವರು ಉಳಿದಿದ್ದಕ್ಕ ಏನು ಸೇವಾ ಮಾಡ್ಲಿರಿ? ನೂರೊಂದು ಕಾಯಿ ಒಡೀಲೇನು?”

“ಕಾಯಿ ಚಟ್ನಿಗೆ ಇರಲಿ.” ಅಜ್ಜ ಕೀಲಿಯನ್ನು ಅವನ ಅಂಗೈಗೆ ಒತ್ತಿದರು. “ಪ್ರತಿ ಕೂಡುರಸ್ತೆಯಾಗೂ ನಿಧಾನ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲಿ ಬಾಗಿಸಿ ನಮಸ್ಕಾರ ಮಾಡು. ಕಂಬದ ಹಿಂದ ಸೈಕಲ್ ತುಳಿಯೋ ದೇವರು ಬಾಗಿದವಗ ಕಾಣ್ತಾನ.”