ಹೊನ್ನಜ್ಜಿ ಉಂಡಳೋ ಇಲ್ಲವೋ

ಮಕ್ಕಳೇ, ಹಳ್ಳದ ದಂಡೆಯಲ್ಲಿ ಒಂದು ಭಾರಿ ಅತ್ತಿಮರವಿತ್ತು. ಅದರ ತುಂಬ ಮುಸುವಗಳು. ಮುಸುವ ಗೊತ್ತಲ್ಲ, ಕರಿ ಮೂತಿಯ ಉದ್ದ ಬಾಲದ ಮಂಗ. ಮರದ ಕೆಳಗೆ ನೆರಳಲ್ಲಿ ಜಿಂಕೆಗಳು. ಮುಸುವಗಳು ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಅರ್ಧ ಕಚ್ಚಿ ಬಿಸಾಡಿದ ಹಣ್ಣುಗಳನ್ನು ಜಿಂಕೆಗಳು ಆರಿಸಿ ತಿನ್ನುತ್ತಿದ್ದವು. ಹೀಗೆ ಮೇಲಿನವರಿಗೂ ಕೆಳಗಿನವರಿಗೂ ಒಳ್ಳೆಯ ನೆರೆಹೊರೆ.

ಆ ಮುಸುವಗಳಲ್ಲಿ ಎಲ್ಲರಿಗಿಂತ ಹಿರಿಯಳು ಹೊನ್ನಜ್ಜಿ. ಒಂದು ಕಾಲದಲ್ಲಿ ಚಿರತೆ ಹಳ್ಳದಾಚೆ ಇರುವಾಗಲೇ ಕೂಗಿ ಎಲ್ಲರನ್ನೂ ಮರ ಹತ್ತಿಸುತ್ತಿದ್ದ ಗಟ್ಟಿಗಿತ್ತಿ. ಈಗ ಅವಳಿಗೆ ಮರೆವಿನ ಕಾಯಿಲೆ. ಬೆಳಿಗ್ಗೆ ಮಾತಾಡಿಸಿದವರನ್ನೇ ಮಧ್ಯಾಹ್ನ "ನೀನು ಯಾರ ಮಗಳೇ?" ಎಂದು ಕೇಳುತ್ತಿದ್ದಳು. ಹಣ್ಣಿರುವ ಕೊಂಬೆಯ ದಾರಿ ತಪ್ಪಿ, ಒಣ ಕೊಂಬೆಯ ಮೇಲೆ ಸುಮ್ಮನೆ ಕೂತುಬಿಡುತ್ತಿದ್ದಳು.

ಗುಂಪಿನ ಯಜಮಾನ ಭರಮಣ್ಣ ಒಂದು ಏರ್ಪಾಡು ಮಾಡಿದ. ಅಜ್ಜಿಯನ್ನು ಅವಳ ಮೊಮ್ಮಗಳು ಸಂಪಿ ನೋಡಿಕೊಳ್ಳಬೇಕು. ಉಳಿದವರು ಸರದಿಯ ಮೇಲೆ ಅಜ್ಜಿಯ ಪಾಲಿನ ಹಣ್ಣನ್ನು ತಂದು ಸಂಪಿಯ ಕೈಗೆ ಕೊಡಬೇಕು. "ಸದ್ಯ, ಚಿಂತೆ ತಪ್ಪಿತು" ಎಂದು ಎಲ್ಲರೂ ಹಗುರಾದರು. "ಸಂಪಿ, ನಿನಗೆ ಸುಸ್ತಾಯಿತೇನಮ್ಮ?" ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊದಮೊದಲು ಸಂಪಿ ಚೆನ್ನಾಗಿಯೇ ನೋಡಿಕೊಂಡಳು. ಹಣ್ಣು ಬಿಡಿಸಿ, ಹುಳ ತೆಗೆದು ತಿನ್ನಿಸಿದಳು. ಬರಬರುತ್ತ ಬೇಸರವಾಯಿತು. ಒಂದು ದಿನ ಅಜ್ಜಿ ಎಲ್ಲರ ಮುಂದೆ ಹೊಟ್ಟೆ ತುಂಬ ಉಂಡು, ಬಾಯಿ ಒರೆಸಿಕೊಳ್ಳುವ ಮೊದಲೇ "ನನಗೆ ಯಾರೂ ಹಣ್ಣೇ ಕೊಡಲಿಲ್ಲ" ಎಂದು ಅತ್ತಳು.

ಎಲ್ಲರೂ ನಕ್ಕರು. ಸಂಪಿ ನಗಲಿಲ್ಲ. ಕೊಟ್ಟರೂ ಕೊಡಲಿಲ್ಲ ಎನ್ನುತ್ತಾಳಲ್ಲ, ಹಾಗಾದರೆ ಕೊಡದೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಮರುದಿನ ಅರ್ಧ ಪಾಲು ತಾನೇ ತಿಂದಳು. ವಾರ ಕಳೆಯುವಷ್ಟರಲ್ಲಿ ಪೂರ್ತಿ ಪಾಲು ಅವಳ ಹೊಟ್ಟೆ ಸೇರತೊಡಗಿತು. ಅಜ್ಜಿ ಕೈ ಚಾಚಿದರೆ ತೋಳಿಗೆ ಕಚ್ಚುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರ ಬಳಿ ಹೋಗಬೇಕು?

ಅಜ್ಜಿ ಭರಮಣ್ಣನ ಬಳಿ ಹೋದಳು.

"ನಾನು ಉಂಡು ಮೂರು ದಿನ ಆಯ್ತಪ್ಪ ಭರಮ. ಆ ಹುಡುಗಿ ಕಚ್ಚುತ್ತಾಳೆ."

"ಯಾವ ಹುಡುಗಿ ಅಜ್ಜಿ?"

ಅಜ್ಜಿ ಸುತ್ತಲೂ ನೋಡಿದಳು. ಪಕ್ಕದ ಕೊಂಬೆಯಲ್ಲಿ ತನ್ನ ಪಾಡಿಗೆ ಚಿಗುರು ಮೆಲ್ಲುತ್ತಿದ್ದ ಕೆಂಚವ್ವನ ಕಡೆ ಬೆರಳು ತೋರಿಸಿದಳು. ಕೆಂಚವ್ವ ಕಕ್ಕಾಬಿಕ್ಕಿಯಾಗಿ ಕಣ್ಣು ಕಣ್ಣು ಬಿಟ್ಟಳು.

"ಅಲ್ಲ ಅಲ್ಲ, ಚಿರತೆ ಕಚ್ಚಿದ್ದು" ಎಂದಳು ಅಜ್ಜಿ. "ಇರಲಿ ಬಿಡು. ನಮ್ಮವ್ವ ಹಳ್ಳಕ್ಕೆ ಹೋಗಿದ್ದಾಳೆ. ಬರುವಾಗ ಹಣ್ಣು ತರುತ್ತಾಳೆ."

ಅಜ್ಜಿಯ ಅವ್ವ ಸತ್ತದ್ದು ಭರಮಣ್ಣ ಹುಟ್ಟುವುದಕ್ಕೂ ಮೊದಲು. ಅವನು ತಲೆ ಕೆರೆದುಕೊಂಡ.

ಸಂಪಿ ಓಡಿ ಬಂದಳು. "ನೋಡಿದಿರಾ ಮಾವ? ದಿನವಿಡೀ ನನ್ನದು ಇದೇ ಪಾಡು. ಈಗೀಗ ಹತ್ತಿರ ಹೋದವರನ್ನು ಕಚ್ಚಲಿಕ್ಕೂ ಬರುತ್ತಾಳೆ. ಯಾರೂ ಮುಟ್ಟಬೇಡಿ, ನಾನೇ ನೋಡಿಕೊಳ್ಳುತ್ತೇನೆ."

ಮುಸುವಗಳಲ್ಲಿ ಒಂದು ಪದ್ಧತಿ ಇದೆ. ಮಧ್ಯಾಹ್ನದ ಹೊತ್ತು ಒಬ್ಬರ ಮೈಯ ಹೇನನ್ನು ಇನ್ನೊಬ್ಬರು ಹೆಕ್ಕಬೇಕು. ಹೇನೂ ಹೋಗುತ್ತದೆ, ಸುಖದುಃಖದ ಮಾತೂ ಆಗುತ್ತದೆ. ಸಂಪಿಯ ಮಾತು ಕೇಳಿದ ಮೇಲೆ ಹೊನ್ನಜ್ಜಿಯ ಹೇನು ಹೆಕ್ಕಲು ಯಾರೂ ಹೋಗಲಿಲ್ಲ.

ಭರಮಣ್ಣ ಕೂತು ಯೋಚಿಸಿದ. ಕೆಂಚವ್ವ ಕಚ್ಚಿದಳೆಂಬುದು ಸುಳ್ಳು. ಚಿರತೆ ಬಂದದ್ದು ಸುಳ್ಳು. ಅವ್ವ ಹಣ್ಣು ತರುವುದಂತೂ ಶುದ್ಧ ಸುಳ್ಳು. ಹಾಗಿದ್ದ ಮೇಲೆ ಹಸಿವೂ ಸುಳ್ಳೇ ಇರಬೇಕು. ಸರಿಯಾದ ಮಾತು ಅನ್ನಿಸುತ್ತದೆ ಅಲ್ಲವೇ ಮಕ್ಕಳೇ? ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತ್ತು.

ಆದರೂ ಮನಸ್ಸು ತಡೆಯದೆ ಮರುದಿನ ಮತ್ತೆ ಕೇಳಿದ. "ಅಜ್ಜಿ, ಉಂಡೆಯಾ?"

ಅಜ್ಜಿ ಸಂಪಿಯ ಮುಖ ನೋಡಿದಳು. "ಉಂಡೆ. ಹೊಟ್ಟೆ ತುಂಬಿದೆ" ಎಂದಳು. ಹಾಗೆನ್ನುತ್ತ ಸಂಪಿಯಿಂದ ಒಂದಿಷ್ಟು ದೂರ ಸರಿದಳು.

ಭರಮಣ್ಣನಿಗೆ ಇನ್ನೂ ಗೊಂದಲವಾಯಿತು. ನಿನ್ನೆ ಉಣ್ಣಲಿಲ್ಲ ಎಂದಳು, ಇವತ್ತು ಉಂಡೆ ಎನ್ನುತ್ತಾಳೆ. ನಿನ್ನೆಯದು ನಿಜವೋ, ಇವತ್ತಿನದೋ? "ಅರವತ್ತಕ್ಕೆ ಅರಳು ಮರಳು" ಎಂದು ತನಗೆ ತಾನೇ ಹೇಳಿಕೊಂಡು ಹೋದ. ಅಜ್ಜಿ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದಳು. ಇನ್ನು ನಾಲ್ಕು ದಿನ ಹೀಗೇ ಕಳೆದಿದ್ದರೆ ಕೊಂಬೆ ಹಿಡಿಯುವ ಶಕ್ತಿಯೂ ಉಳಿಯದೆ ಬಿದ್ದೇ ಹೋಗುತ್ತಿದ್ದಳು.

ಅಷ್ಟರಲ್ಲಿ ಕೆಳಗಿನಿಂದ ಚುಕ್ಕಮ್ಮ ಎಂಬ ಜಿಂಕೆ ಕರೆದಳು. "ಯಜಮಾನರೇ, ನಿಮ್ಮ ಹೊನ್ನಜ್ಜಿ ಬೇರೆ ಮರಕ್ಕೆ ಹೋದರಾ?"

"ಇಲ್ಲವಲ್ಲ. ಅಗೋ, ಅಲ್ಲೇ ಕೂತಿದ್ದಾಳೆ."

"ಮತ್ತೆ ಅವರ ಕೊಂಬೆಯ ಕೆಳಗೆ ಒಂದು ಚೂರು ಹಣ್ಣೂ ಬೀಳುತ್ತಿಲ್ಲ. ನಿಮ್ಮವರು ಚೆಲ್ಲದೆ ತಿಂದದ್ದನ್ನು ನಾನಂತೂ ಕಂಡಿಲ್ಲ. ಸಂಪಿ ಕೂರುವ ಕೊಂಬೆಯ ಕೆಳಗೆ ನೋಡಿದರೆ ಇಬ್ಬರು ತಿಂದಷ್ಟು ಬಿದ್ದಿರುತ್ತದೆ. ತಪ್ಪು ತಿಳಿಯಬೇಡಿ. ನಮಗೇನೋ ಲಾಭವೇ, ಆದರೆ ಯಾಕೋ ಗಂಟಲಲ್ಲಿ ಇಳಿಯುತ್ತಿಲ್ಲ."

ಭರಮಣ್ಣ ಇಳಿದು ಬಂದು ನೋಡಿದ. ಅಜ್ಜಿಯ ಕೊಂಬೆಯ ಕೆಳಗೆ ಬರೀ ತರಗೆಲೆ. ಸಂಪಿಯ ಕೊಂಬೆಯ ಕೆಳಗೆ ಸಿಪ್ಪೆಯ ರಾಶಿ, ಅದರ ಮೇಲೆ ನೊಣ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ? ನೆಟ್ಟಗೆ ಮರ ಹತ್ತಿ ಅಜ್ಜಿಯ ಪಕ್ಕದಲ್ಲಿ ಕೂತ.

"ಮಾವ, ಬೇಡ, ಕಚ್ಚುತ್ತಾಳೆ" ಎಂದಳು ಸಂಪಿ.

"ಕಚ್ಚಲಿ" ಎಂದ ಭರಮಣ್ಣ.

ಅವನು ಕೈ ಎತ್ತಿದೊಡನೆ ಅಜ್ಜಿ ಕಣ್ಣು ಮುಚ್ಚಿ ಮುದುಡಿಕೊಂಡಳು. ಅವನು ಮೆಲ್ಲಗೆ ಕೂದಲು ಸರಿಸಿ ಹೇನು ಹೆಕ್ಕತೊಡಗಿದ. ಸ್ವಲ್ಪ ಹೊತ್ತಿಗೆ ಅಜ್ಜಿ ಅವನ ತೊಡೆಯ ಮೇಲೆ ತಲೆಯಿಟ್ಟಳು. ಕೂದಲ ಕೆಳಗೆ ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಕ್ಕಿತು. ತೋಳಿನ ಮೇಲೆ ಹಲ್ಲಿನ ಗುರುತುಗಳಿದ್ದವು. ಒಂದು ಒಣಗಿತ್ತು, ಒಂದು ಇನ್ನೂ ಹಸಿ. ಚಿರತೆ ಕಚ್ಚಿದ್ದರೆ ತೋಳೇ ಇರುತ್ತಿರಲಿಲ್ಲ. ಇವು ಮುಸುವದ ಹಲ್ಲುಗಳು. ಭರಮಣ್ಣನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಎಲ್ಲರನ್ನೂ ಕರೆದು ತೋರಿಸಿದ. ಸಂಪಿ ಅಳತೊಡಗಿದಳು.

"ಮಳೆಗಾಲ ಮುಗಿದಾಗಿನಿಂದ ನಾನೊಬ್ಬಳೇ ನೋಡಿದೆ. ನಿಮ್ಮಲ್ಲಿ ಯಾರಾದರೂ ಒಂದು ದಿನ ಬಂದು ಕೂತಿರಾ? ಹಣ್ಣು ನನ್ನ ಕೈಗಿಟ್ಟು ಓಡುತ್ತಿದ್ದಿರಿ."

ಯಾರ ಮೇಲೆ ಸಿಟ್ಟು ಮಾಡಬೇಕೋ ಮುಸುವಗಳಲ್ಲಿ ಯಾರಿಗೂ ತಿಳಿಯಲಿಲ್ಲ.

"ನೀನು ಸುಸ್ತಾದದ್ದು ನಿಜ. ಅದನ್ನು ಕೇಳದೆ ಹೋದದ್ದು ನಮ್ಮ ತಪ್ಪು" ಎಂದ ಭರಮಣ್ಣ. "ಅವಳ ಊಟ ಕಿತ್ತುಕೊಂಡದ್ದು, ಕಚ್ಚಿದ್ದು, ಅದು ನಿನ್ನ ತಪ್ಪು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಲಿಕ್ಕಾಗುವುದಿಲ್ಲ. ಇನ್ನು ಮೇಲೆ ಇಬ್ಬಿಬ್ಬರು ಸರದಿಯಲ್ಲಿ ಅಜ್ಜಿಯ ಜೊತೆ ಇರಬೇಕು. ದಿನವೂ ಯಾರಾದರೊಬ್ಬರು ಅವಳ ಹೇನು ಹೆಕ್ಕಬೇಕು. ನೀನು ಒಬ್ಬಳೇ ಅವಳ ಬಳಿ ಹೋಗಕೂಡದು."

ಹದಿನೈದು ದಿನಕ್ಕೆ ಅಜ್ಜಿಯ ಮೈ ತುಂಬಿಕೊಂಡಿತು, ಗಾಯ ಮಾಯಿತು. ನಡೆದದ್ದು ಒಂದೂ ಅವಳ ನೆನಪಿನಲ್ಲಿ ಉಳಿಯಲಿಲ್ಲ. ಒಂದು ಮಧ್ಯಾಹ್ನ ದೂರದ ಕೊಂಬೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಸಂಪಿಯನ್ನು ನೋಡಿ ಮರುಗಿದಳು.

"ಪಾಪ, ಯಾರ ಮಗಳೋ ಏನೋ. ಉಂಡಳೋ ಇಲ್ಲವೋ. ಬಾರವ್ವ, ತಗೋ" ಎಂದು ತನ್ನ ಕೈಯ ಹಣ್ಣನ್ನು ಚಾಚಿದಳು.

ಸಂಪಿ ಹತ್ತಿರ ಬಂದಳು. ಆದರೆ ಹಣ್ಣು ತೆಗೆದುಕೊಳ್ಳಲು ಕೈ ಬರಲಿಲ್ಲ. ಅಜ್ಜಿಯ ತೋಳಿನಲ್ಲಿ ಕೂದಲು ಬೆಳೆಯದೆ ಉಳಿದ ಜಾಗವನ್ನೇ ನೋಡುತ್ತ ನಿಂತಳು.

ಸರದಿಯಲ್ಲಿ ಜೊತೆಗಿದ್ದ ಕೆಂಚವ್ವ ಭರಮಣ್ಣನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಜ್ಜಿಗೇ ನೆನಪಿಲ್ಲವಲ್ಲ ಯಜಮಾನರೇ. ನಾವೂ ಮರೆತುಬಿಡೋಣವೇ?"

ಭರಮಣ್ಣ ಎದ್ದು ಬಂದು ಅಜ್ಜಿಗೂ ಸಂಪಿಗೂ ನಡುವೆ ಕೂತ.

"ಸಂಪಿಯೂ ಕೂರಲಿ. ನಾನೂ ಇಲ್ಲೇ ಇರುತ್ತೇನೆ" ಎಂದ. "ಅಜ್ಜಿಗೆ ನೆನಪಿಲ್ಲ, ಅದಕ್ಕೇ ನಾವು ನೆನಪಿಟ್ಟುಕೊಳ್ಳಬೇಕು."

ನೀತಿ: ಮರೆವು ಬಂದವರ ಮಾತು ತಪ್ಪಬಹುದು, ಆದರೆ ಅವರ ಹಸಿವೂ ನೋವೂ ಸುಳ್ಳಲ್ಲ; ದೂರದಿಂದ ಕೇಳಿ ತಲೆಯಾಡಿಸದೆ ಹತ್ತಿರ ಕೂತು ನೋಡಿ, ಅವರ ಆರೈಕೆಯನ್ನು ಒಬ್ಬರ ತಲೆಗೇ ಕಟ್ಟಬೇಡಿ.